ಬಡ್ಡಿಯಿಲ್ಲದ ಸಾಲ, ವಾಪಸು ಬರುವ ವೀಲ್‌ಚೇರ್

(ಸಹಕಾರ ಸಪ್ತಾಹದ ಸಭೆಯೊಂದರಲ್ಲಿ ಆಡಿದ ಮಾತುಗಳು, ಸ್ವಲ್ಪ ತಿದ್ದಿ ಬರೆದದ್ದು)

ಎಲ್ಲರಿಗೂ ನಮಸ್ಕಾರ.

ಸಂಘಟಕರು ಕೊಟ್ಟ ವಿಷಯ ದೊಡ್ಡದು: ಯಹೂದಿ ಸಮುದಾಯಗಳಲ್ಲಿ ಸಾಮಾಜಿಕ ಉದ್ಯಮ, ಹೊಸ ಪ್ರಯೋಗಗಳು. ಆಸ್ಪತ್ರೆ, ಶಾಲೆ, ಕಿಬ್ಬುತ್ಸ್ ಎಂಬ ಸಾಮೂಹಿಕ ಕೃಷಿ ಹಳ್ಳಿ, ಬೈಕಿನ ಮೇಲೆ ಓಡಿಬರುವ ಆಂಬುಲೆನ್ಸ್ ತಂಡ, ಎಲ್ಲವೂ ಇದರೊಳಗೆ ಬರುತ್ತವೆ. ಎಲ್ಲವನ್ನೂ ಮುಟ್ಟಿ ಹೋದರೆ ನೀವು ಮನೆ ಸೇರುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಪತ್ತಿನ ಸಂಘದವರು. ಸಾಲ ಕೊಟ್ಟು, ವಸೂಲಿ ಮಾಡಿ ತಲೆ ಹಣ್ಣಾದವರು. ಹಾಗಾಗಿ ನಾನು ಸಾಲದ ಮಾತನ್ನೇ ಆಡುತ್ತೇನೆ. ಅದೂ ಬಡ್ಡಿ ಇಲ್ಲದ ಸಾಲ. ನಮ್ಮಲ್ಲಿ ಕೈಗಡ ಅನ್ನುತ್ತೇವಲ್ಲ, ಅದು. ನಾವು ಕೈಗಡ ಕೊಡುವುದು ಗುರುತಿನವರಿಗೆ, ನಾಲ್ಕು ದಿನದ ಮಟ್ಟಿಗೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಯಹೂದಿಗಳು ಅದನ್ನೇ ಒಂದು ಸಂಸ್ಥೆಯಾಗಿ ಕಟ್ಟಿದರು. ಲೆಕ್ಕದ ಪುಸ್ತಕ, ಜಾಮೀನು, ಕಂತು ಎಲ್ಲ ಇಟ್ಟುಕೊಂಡು ನೂರು ವರ್ಷಕ್ಕೂ ಮೀರಿ ನಡೆಸಿದರು.

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್‌ನ ಕೊಲೆಯಾಯಿತು. ಅದರ ಬೆನ್ನಿಗೇ ಯಹೂದಿಗಳ ಕೇರಿಗಳ ಮೇಲೆ ದಾಳಿ, ಲೂಟಿ ಶುರುವಾದವು. ಬಡತನವಂತೂ ಮೊದಲೇ ಇತ್ತು. ಅಲ್ಲಿಂದ 1914ರ ಮಹಾಯುದ್ಧದವರೆಗೆ ಸುಮಾರು 20 ಲಕ್ಷ ಯಹೂದಿಗಳು ಪೂರ್ವ ಯೂರೋಪ್ ಬಿಟ್ಟು ಅಮೆರಿಕಕ್ಕೆ ಬಂದರು. ಹಡಗಿಳಿದವರಲ್ಲಿ ಬಹಳ ಜನ ಸೇರಿಕೊಂಡದ್ದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಕಿಕ್ಕಿರಿದ ಬಡಾವಣೆಗೆ. ಕೈಯಲ್ಲಿ ಕಸುಬಿತ್ತು, ಬಂಡವಾಳ ಇರಲಿಲ್ಲ. ಟೈಲರ್‌ಗೆ ಹೊಲಿಗೆ ಮಷೀನು ಬೇಕು. ಹೆಸ್ಟರ್ ಸ್ಟ್ರೀಟಿನಲ್ಲಿ ತಳ್ಳುಗಾಡಿ ಇಟ್ಟವನಿಗೆ ಬೆಳಗಾದರೆ ಸರಕು ತರಲು ದುಡ್ಡು ಬೇಕು. ಇಂಥವರಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತಿರಲಿಲ್ಲ. ಉಳಿದದ್ದು ಗಿರವಿ ಅಂಗಡಿ, ಬಡ್ಡಿ ಸಾಲ.

1892ರಲ್ಲಿ ಅದೇ ಬಡಾವಣೆಯ ಒಂದು ಪುಟ್ಟ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, 11 ಜನ ಸೇರಿದರು. ಅವರೂ ವಲಸೆ ಬಂದವರೇ. ಎಲ್ಲರ ಜೇಬಿನಿಂದ ಒಟ್ಟಾದದ್ದು 95 ಡಾಲರ್. ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ ಹುಟ್ಟಿದ್ದು ಇಷ್ಟರಿಂದ. ಮೊದಮೊದಲು ಕೊಟ್ಟದ್ದು 5 ಡಾಲರ್, 10 ಡಾಲರಿನ ಸಾಲ. ಬಡ್ಡಿ ಇಲ್ಲ. ಅಡವಿಡಲು ಒಡವೆ ಬೇಡ. ಆದರೆ ಶೂರಿಟಿ ಬೇಕು. ನಿಮ್ಮನ್ನು ಬಲ್ಲ ಒಬ್ಬರೋ ಇಬ್ಬರೋ ಬಂದು ಸಹಿ ಹಾಕಬೇಕು. ಆಮೇಲೆ ಸಣ್ಣ ಸಣ್ಣ ಕಂತಿನಲ್ಲಿ ತೀರಿಸಬೇಕು.

ಈ ಶೂರಿಟಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಸಂಘಗಳಲ್ಲಿ ಶೂರಿಟಿ ಅಂದರೆ ಎಷ್ಟೋ ಸಲ ಒಂದು ಸಹಿ ಅಷ್ಟೇ ಅಲ್ವಾ? ಸಹಿ ಹಾಕಿದವನಿಗೆ ಯಾವ ಸಾಲ, ಎಷ್ಟು ಸಾಲ ಅಂತಲೂ ನೆನಪಿರುವುದಿಲ್ಲ. ಅಲ್ಲಿ ಹಾಗಲ್ಲ. ಸಾಲಗಾರ, ಜಾಮೀನುದಾರ ಇಬ್ಬರೂ ಒಂದೇ ಬೀದಿಯವರು, ಎಷ್ಟೋ ಸಲ ಹಳೆಯ ದೇಶದಲ್ಲಿ ಒಂದೇ ಊರಿನವರು. ಕಂತು ತಪ್ಪಿದರೆ ಸಂಘದ ನೋಟೀಸಿಗಿಂತ ಮೊದಲು ಜಾಮೀನುದಾರನ ಮುಖ ನೋಡಬೇಕು. ಪೊಲೀಸು, ಕೋರ್ಟು, ಹರಾಜು ಯಾವುದೂ ಮಾಡದ ಕೆಲಸವನ್ನು ಈ ಮುಖ ಮಾಡಿತು. ಇಂಥ ಸಂಘಗಳಲ್ಲಿ ಸುಸ್ತಿಯಾಗುವ ಸಾಲ ಇಂದಿಗೂ ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅವರ ಲೆಕ್ಕ ಹೇಳುತ್ತದೆ. ಇನ್ನೊಂದು ಮಾತು: ಸಾಲ ಯಹೂದಿಗಳಿಗೆ ಮಾತ್ರ ಅನ್ನುವ ನಿಯಮವನ್ನೂ ಅವರು ಇಟ್ಟುಕೊಳ್ಳಲಿಲ್ಲ. ಅದೇ ಬೀದಿಯ ಬೇರೆ ವಲಸಿಗರಿಗೂ ಸಾಲ ಸಿಕ್ಕಿತು. 1897ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 1904ರಲ್ಲಿ ಲಾಸ್ ಏಂಜಲೀಸ್ ಹೀಗೆ ಊರಿಂದೂರಿಗೆ ಸಂಘಗಳು ಹುಟ್ಟಿದವು. ಈ ಮೂರೂ ಇವತ್ತಿಗೂ ನಡೆಯುತ್ತಿವೆ. ಕೆಲವು ಊರುಗಳಲ್ಲಿ ಹೆಂಗಸರೇ ಬೇರೆ ಸಂಘ ಕಟ್ಟಿಕೊಂಡರು. ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಲ್ಲಿ ಅಂಥದ್ದೊಂದು ಇತ್ತು.

ದಾನ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭವಾಗಿತ್ತಲ್ಲ, ಸಾಲವನ್ನೇ ಯಾಕೆ ಹಿಡಿದರು? ಇದಕ್ಕೆ ಬೇರು ಬಹಳ ಹಿಂದಿದೆ. ಬೈಬಲಿನ ವಿಮೋಚನಕಾಂಡದಲ್ಲೇ ಮಾತು ಬರುತ್ತದೆ: ನಿಮ್ಮವರಲ್ಲಿ ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಕೇಳಬೇಡ. ಅವನ ಕಂಬಳಿ ಅಡವಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸು ಕೊಡು, ಹೊದೆಯಲು ಅವನಿಗೆ ಬೇರೆ ಇಲ್ಲ. ಧರ್ಮೋಪದೇಶಕಾಂಡ ಇನ್ನೂ ಮುಂದೆ ಹೋಗುತ್ತದೆ. ಬೀಸುವ ಕಲ್ಲನ್ನು ಅಡವಿಟ್ಟುಕೊಳ್ಳಬೇಡ, ಅದು ಅವನ ಜೀವ. ಅಡವಿನ ವಸ್ತು ತರಲು ಸಾಲಗಾರನ ಮನೆಯೊಳಗೆ ಕಾಲಿಡಬೇಡ, ಹೊರಗೆ ನಿಂತಿರು, ಅವನೇ ತಂದುಕೊಡಲಿ. ಮನೆಗೆ ಬೀಗ ಜಡಿದು ವಸೂಲಿ ಮಾಡುವ ಫೈನಾನ್ಸ್‌ಗಳ ಸುದ್ದಿ ಓದುವ ನಮಗೆ ಇದು ಹಳೆಯ ಕಾಲದ ಮಾತು ಅಂತ ಅನಿಸುವುದಿಲ್ಲ.

ಮುಂದೆ ಯಹೂದಿ ಧರ್ಮಶಾಸ್ತ್ರದ ತಾಲ್ಮುದ್ ಗ್ರಂಥದ ಪಂಡಿತರು ಇದರ ಮೇಲೆ ಚರ್ಚೆ ಮಾಡಿದರು. ಭಿಕ್ಷೆ ದೊಡ್ಡದೋ, ಉಪಕಾರ ದೊಡ್ಡದೋ? ಸಾಲ ಕೊಡುವುದು ಉಪಕಾರದ ಲೆಕ್ಕಕ್ಕೆ ಸೇರುತ್ತದೆ. ಉಪಕಾರವೇ ದೊಡ್ಡದು, ಮೂರು ಕಾರಣಕ್ಕೆ ಅಂದರು. ಭಿಕ್ಷೆ ಬರೀ ದುಡ್ಡಿನಿಂದ, ಉಪಕಾರ ದುಡ್ಡಿನಿಂದಲೂ ಮೈಯಿಂದಲೂ. ಭಿಕ್ಷೆ ಬಡವನಿಗೆ ಮಾತ್ರ, ಉಪಕಾರ ಬಡವನಿಗೂ ಸಾಹುಕಾರನಿಗೂ. ಭಿಕ್ಷೆ ಬದುಕಿದ್ದವನಿಗೆ, ಉಪಕಾರ ಸತ್ತವನಿಗೂ ಸಲ್ಲುತ್ತದೆ. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ವೈದ್ಯ, ಧರ್ಮಶಾಸ್ತ್ರಿ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹಾಕಿದರು. ತೀರಾ ಕೆಳಗೆ ಗೊಣಗಿಕೊಂಡು ಕೊಡುವವನು. ಕೊಟ್ಟವನಿಗೂ ಪಡೆದವನಿಗೂ ಒಬ್ಬರಿಗೊಬ್ಬರು ಯಾರೆಂದೇ ಗೊತ್ತಿಲ್ಲದ ಗುಪ್ತದಾನ ಎರಡನೇ ಸ್ಥಾನದಲ್ಲಿದೆ. ಎಲ್ಲಕ್ಕಿಂತ ಮೇಲೆ ಇರುವುದು ಬಿದ್ದವನಿಗೆ ಸಾಲ ಕೊಡುವವನು, ಪಾಲುದಾರನಾಗಿ ಸೇರಿಸಿಕೊಳ್ಳುವವನು, ಕೆಲಸ ಹುಡುಕಿಕೊಡುವವನು. ಮತ್ತೊಬ್ಬರ ಮುಂದೆ ಕೈಯೊಡ್ಡದ ಹಾಗೆ ನಿಲ್ಲಿಸುವುದು ಇದರ ಗುರಿ. ಗುಪ್ತದಾನವನ್ನು ಎರಡನೇ ಮೆಟ್ಟಿಲಿಗೆ ಇಳಿಸಿ ಸಾಲವನ್ನು ಮೇಲೆ ಕೂರಿಸಿದ್ದು ನನಗೆ ಬಹಳ ಹಿಡಿಸಿದ ವಿಷಯ. ಸಾಲ ತೆಗೆದುಕೊಂಡವನು ನಾಳೆ ತೀರಿಸುವವನು, ಹಾಗಾಗಿ ಎದುರಿಗೆ ಕೂತು ಮಾತಾಡಬಹುದು.

ಇನ್ನೊಂದು ಕತೆ ಇದೆ, ಸಹಕಾರಿಗಳಿಗೆ ಇದು ತಮಾಷೆಯಾಗಿಯೂ ಕಾಣಬಹುದು. ಧರ್ಮೋಪದೇಶಕಾಂಡದ ಪ್ರಕಾರ ಏಳು ವರ್ಷಕ್ಕೊಮ್ಮೆ ಸಾಲವೆಲ್ಲ ಮನ್ನಾ. ಹೌದು, ಸಾಲ ಮನ್ನಾ. ಒಳ್ಳೆಯ ಉದ್ದೇಶದ ಕಾನೂನು. ಆದರೆ ಏಳನೇ ವರ್ಷ ಹತ್ತಿರ ಬಂದ ಹಾಗೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಬಡವನಿಗೆ ಅನುಕೂಲವಾಗಲಿ ಅಂತ ಮಾಡಿದ ಕಾನೂನು ಬಡವನಿಗೇ ಬಾಗಿಲು ಮುಚ್ಚಿತು. ಈಗಿನಿಂದ ಸುಮಾರು ಎರಡು ಸಾವಿರ ವರ್ಷದ ಹಿಂದೆ, ಜೆರುಸಲೇಮಿನಲ್ಲಿ ಹಿಲ್ಲೆಲ್ ಎಂಬ ಗುರು ಇದಕ್ಕೊಂದು ದಾರಿ ಹುಡುಕಿದರು. ಮನ್ನಾ ಆಗುವುದು ಒಬ್ಬರಿಗೊಬ್ಬರು ಕೊಟ್ಟ ಸಾಲ. ನ್ಯಾಯಾಲಯಕ್ಕೆ ಬರಬೇಕಾದ ಬಾಕಿ ಮನ್ನಾ ಆಗುವುದಿಲ್ಲ. ಹಾಗಾದರೆ ಸಾಲ ಕೊಟ್ಟವನು ತನಗೆ ಬರಬೇಕಾದ ಬಾಕಿಯನ್ನೆಲ್ಲ ನ್ಯಾಯಾಧೀಶರ ಹೆಸರಿಗೆ ಒಪ್ಪಿಸಿ ಒಂದು ಚೀಟಿ ಬರೆದುಕೊಟ್ಟರೆ ಆಯಿತಲ್ಲ! ಆ ಚೀಟಿಗೆ ಪ್ರೊಜ್ಬೂಲ್ ಅಂತ ಹೆಸರು.

ಚೀಟಿಗೆ ಒಂದು ಷರತ್ತಿತ್ತು. ಸಾಲಗಾರನ ಹೆಸರಲ್ಲಿ ಸ್ವಲ್ಪವಾದರೂ ನೆಲ ಇರಬೇಕು. ನೆಲವಿಲ್ಲದವನ ಗತಿ? ಸಾಲ ಕೊಡುವವನೇ ತನ್ನ ಹೊಲದ ಒಂದು ಚೂರನ್ನು ಅವನಿಗೆ ಕೊಡಲಿ ಅಂದರು. ಎಷ್ಟು ಚೂರು ಅಂತ ಕೇಳಿದರೆ ಒಂದು ಕೋಸುಗಿಡದ ದಂಟು ನಿಲ್ಲುವಷ್ಟಿದ್ದರೂ ಸಾಕು ಅನ್ನುವ ಮಟ್ಟಕ್ಕೆ ಪಂಡಿತರು ಇಳಿದುಬಂದರು. ಓದುವಾಗ ನಗು ಬರುತ್ತದೆ. ಆದರೆ ಅವರು ಮಾಡಿದ್ದೇನು ನೋಡಿ. ಕಾನೂನನ್ನು ತೆಗೆದು ಬಿಸಾಡಲಿಲ್ಲ. ಕಾನೂನು ಹೆಸರಿಗೆ ಉಳಿದು ಬಡವ ಸಾಯಲಿ ಅಂತಲೂ ಬಿಡಲಿಲ್ಲ. ಹೊಸ ಪ್ರಯೋಗ ಅಂದರೆ ಮಷೀನು, ಮೊಬೈಲ್ ಆ್ಯಪ್ ಅಂತ ನಾವು ಅಂದುಕೊಳ್ಳುತ್ತೇವೆ. ಒಂದು ಚೀಟಿಯ ನಮೂನೆ ಬದಲಿಸುವುದೂ ಹೊಸ ಪ್ರಯೋಗವೇ. ನಮ್ಮ ಸಂಘಗಳ ಅರ್ಜಿ ನಮೂನೆಗಳನ್ನು ನೋಡಿದಾಗಲೆಲ್ಲ ನನಗೆ ಈ ಹಿಲ್ಲೆಲ್ ನೆನಪಾಗುತ್ತಾರೆ.

ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬಹುದು: ಯಹೂದಿಗಳು ಅಂದರೆ ಬಡ್ಡಿ ವ್ಯಾಪಾರಿಗಳು ಅಂತ ಕೇಳಿದ್ದೇವಲ್ಲ? ಈ ಹಣೆಪಟ್ಟಿ ಮಧ್ಯಯುಗದ ಯೂರೋಪ್ ಅಂಟಿಸಿದ್ದು. ಕ್ರೈಸ್ತರು ಬಡ್ಡಿ ತೆಗೆದುಕೊಳ್ಳಬಾರದು ಅಂತ ಚರ್ಚು ತಡೆದಿತ್ತು. ಎಷ್ಟೋ ಕಡೆ ಯಹೂದಿಗಳು ಜಮೀನು ಇಟ್ಟುಕೊಳ್ಳುವಂತಿಲ್ಲ, ಕಸುಬಿನ ಸಂಘಗಳಿಗೆ ಸೇರುವಂತಿಲ್ಲ. ಉಳಿದ ಕೆಲವೇ ದಾರಿಗಳಲ್ಲಿ ಬಡ್ಡಿ ವ್ಯವಹಾರವೂ ಒಂದಾಯಿತು. ರಾಜರಿಗೆ ಸಾಲ ಬೇಕು, ಬೈಯಲು ಜನವೂ ಬೇಕು. ಹೊರಗಿನವರಿಂದ ಬಡ್ಡಿ ಪಡೆಯಬಹುದು ಅನ್ನುವ ಮಾತು ಧರ್ಮೋಪದೇಶಕಾಂಡದಲ್ಲಿ ಇರುವುದೂ ನಿಜ, ಅದನ್ನು ಮುಚ್ಚಿಡುವುದು ಬೇಡ. ಆದರೆ ಅವರಲ್ಲಿ ಹೆಚ್ಚಿನವರು ಸಾಲ ಕೊಡುವ ಸ್ಥಿತಿಯಲ್ಲೇ ಇರಲಿಲ್ಲ, ಸಾಲ ಬೇಕಾದವರೇ ಆಗಿದ್ದರು. ತಮ್ಮವರ ನಡುವೆ ವ್ಯಾಪಾರಕ್ಕೆ ಬಂಡವಾಳ ಬೇಕಾದಾಗ ಏನು ಮಾಡುವುದು ಅನ್ನುವುದಕ್ಕೆ 16ನೇ ಶತಮಾನದ ಪೋಲೆಂಡಿನ ಪಂಡಿತರು ಮತ್ತೊಂದು ಪತ್ರ ಬರೆದರು. ಹೆತೆರ್ ಇಸ್ಕಾ ಅಂತ. ಅದರಲ್ಲಿ ಕೊಟ್ಟ ಹಣದ ಒಂದು ಭಾಗ ಸಾಲ, ಇನ್ನೊಂದು ಭಾಗ ಪಾಲು ಬಂಡವಾಳ. ಬರುವುದು ಬಡ್ಡಿಯಲ್ಲ, ಲಾಭದ ಪಾಲು. ಇಸ್ರೇಲಿನ ಬ್ಯಾಂಕು ಶಾಖೆಗಳಲ್ಲಿ ಇವತ್ತಿಗೂ ಈ ಪತ್ರ ಗೋಡೆಯ ಮೇಲೆ ಇರುತ್ತದೆ.

ಎರಡು ಮಹಾಯುದ್ಧಗಳ ನಡುವೆ ಪೋಲೆಂಡಿನಲ್ಲಿ ನಡೆದದ್ದನ್ನು ಹೇಳಲೇಬೇಕು. ಮೊದಲ ಯುದ್ಧ ಅಲ್ಲಿನ ಯಹೂದಿ ಪೇಟೆಗಳನ್ನು ಹಾಳುಗೆಡವಿತ್ತು. ಅಮೆರಿಕದ ಯಹೂದಿಗಳು 1914ರಲ್ಲಿ ಕಟ್ಟಿದ ಜಾಯಿಂಟ್ ಎಂಬ ಪರಿಹಾರ ಸಂಸ್ಥೆ ಮೊದಲು ಊಟ, ಬಟ್ಟೆ ಹಂಚಿತು. ಆಮೇಲೆ ಹಂಚುವುದನ್ನು ಕಡಿಮೆ ಮಾಡಿ ಊರೂರಿನಲ್ಲಿ ಬಡ್ಡಿಯಿಲ್ಲದ ಸಾಲದ ಕಾಸಾಗಳನ್ನು ಕಟ್ಟಿಸಿತು. ಕಾಸಾ ಅಂದರೆ ಸಾಲದ ಪೆಟ್ಟಿಗೆ, ನಮ್ಮ ಸಂಘದ ಹಾಗೆ. ಅರ್ಧ ಹಣ ಹೊರಗಿನದಾದರೂ ಊರಿನವರೂ ಹಾಕಬೇಕು, ಊರಿನವರೇ ನಡೆಸಬೇಕು. 1930ರ ದಶಕದ ಕೊನೆಗೆ ಇಂಥವು 800ಕ್ಕೂ ಹೆಚ್ಚು ಇದ್ದವು. ಆ ಹೊತ್ತಿಗೆ ಯಹೂದಿ ಅಂಗಡಿಗಳಿಗೆ ಬಹಿಷ್ಕಾರ ಹಾಕುವ ಚಳವಳಿ ಅಲ್ಲಿ ಜೋರಾಗಿತ್ತು. ಗಿರಾಕಿ ಬರದ ಅಂಗಡಿಗೆ ಸಾಲ ಕೊಟ್ಟರೆ ಎಷ್ಟು ದಿನ? ಆದರೂ ಚಪ್ಪಲಿ ಹೊಲಿಯುವವರು, ಗಾಡಿ ಹೊಡೆಯುವವರು, ಸಂತೆ ವ್ಯಾಪಾರಿಗಳು ಈ ಸಣ್ಣ ಸಾಲದ ಮೇಲೆ ಹೇಗೋ ನಡೆಸಿದರು. 1939ರಲ್ಲಿ ಜರ್ಮನ್ ಸೇನೆ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಕಾಸಾಗಳೂ ಹೋದವು, ಅವುಗಳ ಸದಸ್ಯರಲ್ಲಿ ಹೆಚ್ಚಿನವರೂ ಹೋದರು.

ಈಗ ನಮ್ಮ ಕಡೆಗೆ ಬರೋಣ. ನಮ್ಮ ದೇಶಕ್ಕೂ ಈ ಕತೆಗೂ ನಿಜವಾದ ಒಂದು ಕೊಂಡಿ ಇದೆ, ಹಲವರಿಗೆ ಗೊತ್ತಿಲ್ಲ. ಬೋಸ್ಟನ್ನಿನಲ್ಲಿ ಎಡ್ವರ್ಡ್ ಫೈಲೀನ್ ಅಂತ ಒಬ್ಬ ಯಹೂದಿ ವ್ಯಾಪಾರಿ ಇದ್ದರು. ತಂದೆ ಯೂರೋಪಿನಿಂದ ವಲಸೆ ಬಂದವರು. ಇವರದ್ದು ದೊಡ್ಡ ಬಟ್ಟೆ ಅಂಗಡಿ. ಅದರ ನೆಲಮಾಳಿಗೆಯಲ್ಲಿ ಒಂದು ವಿಚಿತ್ರ ಪದ್ಧತಿ ಇಟ್ಟಿದ್ದರು. ಮಾಲು 12 ದಿನ ಹೋಗದಿದ್ದರೆ ಬೆಲೆ ಕಾಲು ಭಾಗ ಇಳಿಯುತ್ತದೆ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. 30 ದಿನ ಆದರೂ ಹೋಗದಿದ್ದರೆ ಅದು ದಾನಕ್ಕೆ. ಕಾಯುವ ಬಡವನಿಗೆ ಒಳ್ಳೆಯ ಕೋಟು ಅಗ್ಗಕ್ಕೆ ಸಿಗುತ್ತಿತ್ತು, ಅಂಗಡಿಗೂ ಹಳೇ ಮಾಲಿನ ಕಾಟ ಇರಲಿಲ್ಲ.

ಈ ಫೈಲೀನ್ 1907ರಲ್ಲಿ ಪ್ರಪಂಚ ಸುತ್ತಲು ಹೊರಟು ಭಾರತಕ್ಕೆ ಬಂದರು. ಬಂಗಾಳದಲ್ಲಿ ಸಹಕಾರ ಸಂಘಗಳನ್ನು ನೋಡಿಕೊಳ್ಳುತ್ತಿದ್ದ ಗೌರ್ಲೆ ಎಂಬ ಬ್ರಿಟಿಷ್ ಅಧಿಕಾರಿಯ ಪರಿಚಯವಾಯಿತು. ಹಳ್ಳಿಗಳಲ್ಲಿ ರೈತರು ತಾವೇ ಸೇರಿ, ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ತೆಗೆದುಕೊಳ್ಳುವುದನ್ನು ಕಂಡು ಫೈಲೀನ್‌ಗೆ ತಲೆಗೆ ಹತ್ತಿತು. ಊರಿಗೆ ಹೋಗಿ ಬಿಡದೆ ಹಿಂದೆ ಬಿದ್ದರು. 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕ್ರೆಡಿಟ್ ಯೂನಿಯನ್ ಕಾಯ್ದೆ ತಂದಿತು. ಕ್ರೆಡಿಟ್ ಯೂನಿಯನ್ ಅಂದರೆ ಸದಸ್ಯರೇ ನಡೆಸುವ ಪತ್ತಿನ ಸಂಘ. ಬೋಸ್ಟನ್ ಸುತ್ತಮುತ್ತ ಆಗ ಹುಟ್ಟಿದ ಸಂಘಗಳಲ್ಲಿ ಯಹೂದಿ ವಲಸಿಗರು ಕಟ್ಟಿದವು ಬಹಳ. ಶೂರಿಟಿ, ವಾರದ ಕಂತು ಅವರಿಗೆ ಹೊಸದೇನಲ್ಲವಲ್ಲ. 1934ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿ ಅದು ಇಡೀ ದೇಶದ ಕಾನೂನಾಯಿತು. ಅಷ್ಟರಲ್ಲಿ ಫೈಲೀನ್ ಈ ಕೆಲಸಕ್ಕೆ ಸ್ವಂತದ ಹಣ ಸುರಿದಿದ್ದರು.

ಬಂಗಾಳದಲ್ಲಿ ಅವರು ನೋಡಿದ ಸಂಘಗಳು ಬಂದದ್ದು 1904ರ ಕಾಯ್ದೆಯಿಂದ. ಅದೇ ಕಾಯ್ದೆಯ ಕೆಳಗೆ 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಕಾಯ್ದೆಯ ಹಿಂದೆ ಜರ್ಮನಿಯ ರೈಫೈಸನ್‌ನ ಹಳ್ಳಿ ಬ್ಯಾಂಕುಗಳ ಮಾದರಿ ಇತ್ತು. ಅಂದರೆ ಕಣಗಿನಹಾಳ ಮತ್ತು ಅಮೆರಿಕದ ಕ್ರೆಡಿಟ್ ಯೂನಿಯನ್ ದೂರದ ದಾಯಾದಿಗಳು. ನಾವು ಅಮೆರಿಕದಿಂದ ಕಲಿಯಬೇಕು ಅಂತ ವೇದಿಕೆಗಳಲ್ಲಿ ಹೇಳುವಾಗ ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ಹಣವಲ್ಲದ ಸಾಲದ ಮಾತಿಗೆ ಬರುತ್ತೇನೆ. ಜೆರುಸಲೇಮಿನ ಧಾರ್ಮಿಕ ಬಡಾವಣೆಗಳಲ್ಲಿ ಎಷ್ಟೋ ಮನೆಗಳಲ್ಲಿ ಗೆಮಾಖ್ ಇರುತ್ತದೆ, ಅಂದರೆ ಸಾಮಾನನ್ನು ಪುಕ್ಕಟೆಯಾಗಿ ಎರವಲು ಕೊಡುವ ವ್ಯವಸ್ಥೆ. ಒಂದು ಮನೆಯ ಬೀರುವಿನಲ್ಲಿ ಮದುವೆಯ ಬಟ್ಟೆ, ಇನ್ನೊಂದರಲ್ಲಿ ತೊಟ್ಟಿಲು, ಮತ್ತೊಂದರಲ್ಲಿ ಮಡಚುವ ಕುರ್ಚಿ, ಮೇಜು. ಮದುವೆ ಬಟ್ಟೆ ಒಯ್ದರೆ ಡ್ರೈಕ್ಲೀನ್ ಮಾಡಿಸಿ ವಾಪಸು ಕೊಡಬೇಕು, ಅಷ್ಟೇ. ರಾತ್ರಿ ಮಗು ನಿಪ್ಪಲ್ ಕಳೆದುಕೊಂಡು ಅತ್ತರೆ ಅಂಗಡಿ ಮುಚ್ಚಿರುತ್ತದೆ, ಅದಕ್ಕೂ ಒಂದು ಗೆಮಾಖ್ ಇದೆ. ಅದರ ಫೋನ್ ನಂಬರು ಬಡಾವಣೆಯ ಪಟ್ಟಿಯಲ್ಲಿ ಇರುತ್ತದೆ. ದೊಡ್ಡ ದೊಡ್ಡ ಕುಟುಂಬ, ಸಣ್ಣ ಸಂಪಾದನೆ. ಎಲ್ಲವನ್ನೂ ಎಲ್ಲರೂ ಕೊಳ್ಳಲು ಆಗುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ.

1976ರಲ್ಲಿ ಹೀಗೆ ಹುಟ್ಟಿದ ಒಂದು ಗೆಮಾಖ್ ಮುಂದೆ ಬಹಳ ದೊಡ್ಡದಾಯಿತು. ಊರಿ ಲೂಪೊಲಿಯಾನ್ಸ್ಕಿ ಎಂಬ ಶಾಲಾ ಮೇಷ್ಟ್ರಿಗೆ ಮಗುವಿನ ಕೆಮ್ಮಿಗೆ ಆವಿ ಹಿಡಿಸುವ ಮಷೀನು ಬೇಕಾಯಿತು. ಪಕ್ಕದ ಮನೆಯಿಂದ ಎರವಲು ತಂದರು. ಎಲ್ಲರಿಗೂ ಇದು ನಾಲ್ಕು ದಿನಕ್ಕೆ ಬೇಕು, ವರ್ಷಪೂರ್ತಿ ಅಟ್ಟದ ಮೇಲೆ ಇರುತ್ತದೆ ಅಂತ ಹೊಳೆಯಿತು. ಕೆಲವು ಮಷೀನು ಕೊಂಡು ಎರವಲು ಕೊಡತೊಡಗಿದರು. ನಾಜಿಗಳ ಕಾಲದಲ್ಲಿ ತೀರಿಹೋದ ಅಜ್ಜಿಯ ಹೆಸರಿಟ್ಟು ಯಾದ್ ಸಾರಾ ಅಂದರು. ಆಮೇಲೆ ಊರುಗೋಲು, ವೀಲ್‌ಚೇರ್, ಆಕ್ಸಿಜನ್ ಮಷೀನು ಎಲ್ಲ ಬಂದವು. ಸ್ವಲ್ಪ ಠೇವಣಿ ಇಟ್ಟು ಒಯ್ಯುವುದು, ಕೆಲಸ ಮುಗಿದ ಮೇಲೆ ವಾಪಸು ತಂದು ಠೇವಣಿ ಪಡೆಯುವುದು. ಮುರಿದುಬಂದದ್ದನ್ನು ಅವರ ವರ್ಕ್‌ಶಾಪಿನಲ್ಲೇ ರಿಪೇರಿ ಮಾಡುತ್ತಾರೆ. ಈಗ ದೇಶದ ತುಂಬ ಶಾಖೆಗಳು, ಸಾವಿರಾರು ಸ್ವಯಂಸೇವಕರು, ಅದರಲ್ಲಿ ನಿವೃತ್ತರೂ ಬಹಳ. ಯಹೂದಿ, ಅರಬ್ ಅಂತ ಭೇದವಿಲ್ಲ. ಮುರಿದ ಕಾಲು ಮನೆಯಲ್ಲೇ ವಾಸಿಯಾದರೆ ಆಸ್ಪತ್ರೆಯ ಒಂದು ಹಾಸಿಗೆ ಖಾಲಿಯಾಗುತ್ತದೆ, ಅದು ಸರ್ಕಾರಕ್ಕೂ ಉಳಿತಾಯ. 1994ರಲ್ಲಿ ಯಾದ್ ಸಾರಾಗೆ ಇಸ್ರೇಲ್ ಪ್ರಶಸ್ತಿ ಬಂತು.

ಮೇಷ್ಟ್ರು 2003ರಲ್ಲಿ ಜೆರುಸಲೇಮಿನ ಮೇಯರ್ ಆದರು. ಮುಂದೆ ಒಂದು ಕಟ್ಟಡ ಯೋಜನೆಯ ಹಗರಣದಲ್ಲಿ ಅವರ ಹೆಸರು ಬಂತು. ಬಿಲ್ಡರ್ ಕಡೆಯಿಂದ ಯಾದ್ ಸಾರಾಗೆ ಬಂದ ದೇಣಿಗೆಯೇ ಲಂಚ ಅಂತ 2014ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಆರು ವರ್ಷ ಜೈಲು ಅಂದಿತ್ತು, ಮರುವರ್ಷ ಸುಪ್ರೀಂ ಕೋರ್ಟು ಅವರ ಅನಾರೋಗ್ಯ ನೋಡಿ ಸಮುದಾಯ ಸೇವೆಗೆ ಇಳಿಸಿತು. ಹಣ ಸ್ವಂತ ಜೇಬಿಗೆ ಹೋಗಲಿಲ್ಲ, ವೀಲ್‌ಚೇರ್‌ಗೇ ಹೋಯಿತು. ಆದರೂ ಅಪರಾಧ. ಸಂಘ ಕಟ್ಟಿದವರು ಅಧಿಕಾರದ ಕುರ್ಚಿಗೆ ಹೋದಾಗ ಏನಾಗುತ್ತದೆ ಅನ್ನುವುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇತ್ತೀಚಿನದ್ದು ಬೇಗ ಹೇಳಿ ಮುಗಿಸುತ್ತೇನೆ. 2000ದ ನಂತರ ಅಮೆರಿಕದ ಯಹೂದಿ ಯುವಕರಲ್ಲಿ ಸ್ಟಾರ್ಟಪ್ ಶೈಲಿ ಬಂತು. ಹೊಸ ಯೋಚನೆ ಇದ್ದವರಿಗೆ ತರಬೇತಿ, ಸಣ್ಣ ಬಂಡವಾಳ ಕೊಡುವ ಸಂಸ್ಥೆಗಳು ಹುಟ್ಟಿದವು. ಅವುಗಳಲ್ಲಿ ನಾಲ್ಕು 2017ರಲ್ಲಿ ಅಪ್‌ಸ್ಟಾರ್ಟ್ ಎಂಬ ಹೆಸರಿನಲ್ಲಿ ಒಂದಾದವು. ಉತ್ಸಾಹ ಒಳ್ಳೆಯದು. ಆದರೆ ಪ್ರತಿ ಎರಡು ವರ್ಷಕ್ಕೊಮ್ಮೆ ದಾನಿಗಳ ಮುಂದೆ ಹೊಸ ಯೋಚನೆ ತೋರಿಸಬೇಕಾದ ಒತ್ತಡದಲ್ಲಿ ಹಳೆಯ, ಬೋರು ಹೊಡೆಸುವ, ಲೆಕ್ಕ ಬರೆಯುವ ಕೆಲಸಕ್ಕೆ ಬೆಲೆ ಸಿಗುವುದಿಲ್ಲ ಅಂತ ನನ್ನ ಅನಿಸಿಕೆ. ನನಗೆ ಜಾಸ್ತಿ ಇಷ್ಟವಾಗುವುದು ಎಲಿಯೆಝರ್ ಜಾಫೆ ಮಾಡಿದ ಕೆಲಸ. ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಕಲಿಸುತ್ತಿದ್ದ ಪ್ರೊಫೆಸರ್ ಇವರು. 1990ರಲ್ಲಿ ಸೋವಿಯತ್ ಒಕ್ಕೂಟದಿಂದ, ಇಥಿಯೋಪಿಯಾದಿಂದ ಇಸ್ರೇಲಿಗೆ ಜನ ಬಂದಿಳಿಯುತ್ತಿದ್ದಾಗ ಹೊಸದೇನನ್ನೂ ಹುಡುಕಲು ಹೋಗಲಿಲ್ಲ. 1892ರ ನಮೂನೆಯನ್ನೇ ಎತ್ತಿಕೊಂಡು ಇಸ್ರೇಲ್ ಫ್ರೀ ಲೋನ್ ಅಸೋಸಿಯೇಷನ್ ಶುರು ಮಾಡಿದರು. ಈಗ ಅದರ ಹೆಸರು ಓಗೆನ್. ಬಡ್ಡಿಯಿಲ್ಲದ ಸಾಲದ ಜೊತೆಗೆ ಸಣ್ಣ ವ್ಯಾಪಾರಿಗಳಿಗೆ, ಸೇವಾಸಂಸ್ಥೆಗಳಿಗೆ ಕಡಿಮೆ ಬಡ್ಡಿಯ ಸಾಲವನ್ನೂ ಕೊಡುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. "ಸರ್, ಬಡ್ಡಿ ಇಲ್ಲ ಅಂದ್ರೆ ಹಣದುಬ್ಬರಕ್ಕೆ ನಿಧಿ ಕರಗಿ ಹೋಗಲ್ವಾ?" ಕರಗುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. 1984ರಲ್ಲಿ ಇಸ್ರೇಲಿನ ಹಣದುಬ್ಬರ ವರ್ಷಕ್ಕೆ ಶೇ 400 ದಾಟಿತ್ತು. ಆಗ 100 ಶೆಕೆಲ್ ಕೈಗಡ ಕೊಟ್ಟು ವರ್ಷದ ಮೇಲೆ ಅಷ್ಟೇ ವಾಪಸು ಪಡೆದರೆ ಅದಕ್ಕೆ ಹಳೆಯ ಬೆಲೆಯಲ್ಲಿ 20 ಶೆಕೆಲಿನ ಸಾಮಾನೂ ಬರುತ್ತಿರಲಿಲ್ಲ. ಮಾಮೂಲಿ ವರ್ಷಗಳಲ್ಲೂ ಸ್ವಲ್ಪ ಸವೆತ ಇದ್ದೇ ಇರುತ್ತದೆ, ಆಫೀಸಿನ ಬಾಡಿಗೆ, ಸಂಬಳ ಬೇರೆ. ಇದನ್ನೆಲ್ಲ ತುಂಬುವುದು ದಾನಿಗಳು. ಒಬ್ಬರು ಕೊಟ್ಟ ಸಾವಿರ ಡಾಲರ್ ಹತ್ತಾರು ಸಾಲಗಾರರ ಕೈ ಸುತ್ತಿ ಬರುತ್ತದೆ, ಸುತ್ತುವಾಗ ಸವೆದದ್ದಕ್ಕೆ ಪ್ರತಿ ವರ್ಷ ಮತ್ತೆ ಚಂದಾ ಎತ್ತಬೇಕು. ಸದಸ್ಯರ ಷೇರು, ಠೇವಣಿಯ ಮೇಲೆ ನಡೆಯುವ ನಮ್ಮ ಪತ್ತಿನ ಸಂಘ ಹಾಗೆ ನಡೆಯಲಾರದು. ಠೇವಣಿ ಇಟ್ಟವರಿಗೆ ಬಡ್ಡಿ ಕೊಡಬೇಕಲ್ಲ. ಮಾಡುವುದಾದರೆ ಲಾಭದಲ್ಲಿ ಒಂದು ಪಾಲು ಬೇರೆ ತೆಗೆದಿಟ್ಟು, ಅದರ ಲೆಕ್ಕ ಬೇರೆ ಬರೆದು, ಅಷ್ಟರ ಮಟ್ಟಿಗೆ ಕೈಗಡ ಕೊಡಬಹುದು. ಅದಕ್ಕೆ ಮಹಾಸಭೆಯ ಒಪ್ಪಿಗೆ ಬೇಕು, ಮಹಾಸಭೆಗೆ ಜನ ಬರಬೇಕು.